ದಿ ಓಪನ್ ಗಾಲ್ಫ್: 1871ರಲ್ಲಿ ಯಾರೂ ಗೆದ್ದಿಲ್ವಾ?

ಮೂಡಿಗೆರೆ_ಮಳೆ:
2023ರಲ್ಲಿ ನಮ್ಮ ಶುಭಂಕರ್ ಶರ್ಮಾ ಬ್ರಿಟನ್ನಿನ ದಿ ಓಪನ್‌ನಲ್ಲಿ ಎಂಟನೇ ಸ್ಥಾನ ಹಂಚಿಕೊಂಡರಲ್ಲ, ಆಗಿನಿಂದ ನನಗೆ ಈ ಆಟದ ಹುಚ್ಚು. ನಿನ್ನೆ ಕರೆಂಟ್ ಇರಲಿಲ್ಲ, ಸುಮ್ನೆ ಮೊಬೈಲ್‌ನಲ್ಲಿ ಗೆದ್ದವರ ಪಟ್ಟಿ ನೋಡುತ್ತಾ ಕೂತಿದ್ದೆ. ಮಹಾಯುದ್ಧದ ವರ್ಷಗಳು ಖಾಲಿ, 2020 ಕೊರೋನಾ, ಸರಿ. ಆದರೆ 1871 ಯಾಕೆ ಖಾಲಿ?

ಬೇಲೂರು_ಬಸ್ಸು:
ಸ್ಕಾಟ್ಲೆಂಡ್ ಅಲ್ವಾ, ಕೊಟ್ಟಿಗೆಹಾರದ ಥರ ಮಳೆ ಹಿಡಿದಿರಬೇಕು.

ಹಳೇ_ಅಂಪೈರ್:
ಮಳೆಯೂ ಅಲ್ಲ, ಯುದ್ಧವೂ ಅಲ್ಲ, ಕೊಡೋಕೆ ಬಹುಮಾನವೇ ಇರಲಿಲ್ಲ! ನಮ್ಮ ಕಡೆ ವಾಲಿಬಾಲ್ ಟೂರ್ನಮೆಂಟಿಗೆ ರೋಲಿಂಗ್ ಶೀಲ್ಡ್ ಇಡುತ್ತಾರಲ್ಲ, ಸತತ ಮೂರು ವರ್ಷ ಗೆದ್ದರೆ ಖಾಯಂ ಅಂತ, ಅಲ್ಲೂ ಅದೇ ರೂಲ್ಸು. ಶೀಲ್ಡ್ ಬದಲು ಬೆಲ್ಟ್, ಕೆಂಪು ಚರ್ಮಕ್ಕೆ ಬೆಳ್ಳಿ ಬಕಲ್. 1860ರ ಅಕ್ಟೋಬರ್ 17ಕ್ಕೆ ಪ್ರೆಸ್ಟ್‌ವಿಕ್‌ನಲ್ಲಿ ಮೊದಲ ಸಲ ನಡೆದಾಗ ಆಡಿದ್ದು ಬರೀ 8 ಜನ. 12 ಹೋಲಿನ (ಹೋಲ್ ಅಂದ್ರೆ ಚೆಂಡು ಬೀಳಿಸಬೇಕಾದ ಗುಳಿ) ಕೋರ್ಸನ್ನು ಒಂದೇ ದಿನ ಮೂರು ಸುತ್ತು ಆಡಿದರು, ಎಲ್ಲರಿಗಿಂತ ಕಡಿಮೆ, 174 ಹೊಡೆತದಲ್ಲಿ ಮುಗಿಸಿ ವಿಲ್ಲಿ ಪಾರ್ಕ್ ಗೆದ್ದ. ದುಡ್ಡು ಒಂದು ಪೈಸೆ ಇಲ್ಲ.

1867ರಲ್ಲಿ ಗೆದ್ದ ಟಾಮ್ ಮಾರಿಸ್‌ಗೆ ಆಗ 46 ವರ್ಷ. ಮಾರನೇ ವರ್ಷ ಗೆದ್ದಿದ್ದು ಅವನ ಮಗ, ಅವನ ಹೆಸರೂ ಟಾಮೇ, ವಯಸ್ಸು 17! 1869, 1870ರಲ್ಲೂ ಮಗನೇ. 1870ರಲ್ಲಂತೂ 578 ಗಜ ದೂರದ ಮೊದಲ ಹೋಲನ್ನು ಮೂರೇ ಹೊಡೆತಕ್ಕೆ ಮುಗಿಸಿದ, ಅದೂ ಮರದ ಹಿಡಿಯ ಕೋಲಿನಲ್ಲಿ, ಗಟ್ಟಾಪರ್ಚಾ ಅನ್ನೋ ಮರದ ಹಾಲಿನಿಂದ ಮಾಡಿದ ಚೆಂಡಿನಲ್ಲಿ (ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮಾಡಿ ತುಂಬುತ್ತಾರಲ್ಲ, ಅದೇ). ಬೆಲ್ಟ್ ಅವನ ಮನೆ ಸೇರಿತು. 1871ಕ್ಕೆ ಆಟವೇ ಇಲ್ಲ.

ಮೂಡಿಗೆರೆ_ಮಳೆ:
ಹುಡುಗ ಚೆನ್ನಾಗಿ ಆಡಿದ ಅಂತ ಟೂರ್ನಮೆಂಟೇ ನಿಂತುಹೋಯ್ತಾ? ಇನ್ನೊಂದು ಬೆಲ್ಟ್ ಹೊಲಿಸೋಕೆ ಏನಾಗಿತ್ತು ಅವರಿಗೆ?

ಹಳೇ_ಅಂಪೈರ್:
ಅದುವರೆಗೂ ನಡೆಸುತ್ತಿದ್ದುದು ಒಂದೇ ಕ್ಲಬ್. ಕೊನೆಗೆ 1872ರಲ್ಲಿ ಮೂರು ಕ್ಲಬ್ ಸೇರಿ ತಲಾ 10 ಪೌಂಡ್ ಹಾಕಿ, ಬೆಳ್ಳಿ ಜಗ್ ಮಾಡಿಸೋದು ಅಂತ ಒಪ್ಪಿಕೊಂಡವು. ಕ್ಲಾರೆಟ್ ಜಗ್ ಅನ್ನೋದು ಅದೇ, ಈಗ ಗೆದ್ದವರಿಗೆ ಕೊಡೋದು ಅದರ ನಕಲು. ಆ ವರ್ಷವೂ ಅದೇ ಹುಡುಗ ಗೆದ್ದ, ಆದರೆ ಜಗ್ ಇನ್ನೂ ರೆಡಿ ಆಗಿರಲಿಲ್ಲ, ಮೆಡಲ್ ಕೊಟ್ಟು ಕಳಿಸಿದರು. 1873ರಲ್ಲಿ ಅದು ಮೊದಲು ಸಿಕ್ಕಿದ್ದು ಟಾಮ್ ಕಿಡ್‌ಗೆ. ಜಗ್ ಮೇಲೆ ಕೆತ್ತಿರುವ ಮೊದಲ ಹೆಸರು ಮಾತ್ರ ಮಾರಿಸ್ ಹುಡುಗನದು. ಪಾಪ, 1875ರ ಕ್ರಿಸ್‌ಮಸ್ ದಿನವೇ ತೀರಿಕೊಂಡ, 24 ವರ್ಷ ಅಷ್ಟೇ. ಹೊಸ ಜಗ್‌ಗೆ ಖಾಯಂ ರೂಲ್ಸು ಇಡಲಿಲ್ಲ, ಮೂರಲ್ಲ ಆರು ಸಲ ಗೆದ್ದರೂ ವಾಪಸ್ ಕೊಡಬೇಕು.

ಬೇಲೂರು_ಬಸ್ಸು:
ನಮ್ಮೂರಿನ ಕ್ರಿಕೆಟ್ ಶೀಲ್ಡ್ ಒಂದೇ ಸಲ ಗೆದ್ದವರು ನಾಲ್ಕು ವರ್ಷದಿಂದ ವಾಪಸ್ ಕೊಟ್ಟಿಲ್ಲ ಮಾರಾಯ್ರೇ. ಅಟ್ಟದ ಮೇಲೆ ಕಾಫಿ ಚೀಲದ ಹಿಂದೆ ಇದೆಯಂತೆ.