ಬಿಸಿಯಾದ್ರೆ ಗ್ಯಾಸ್ ತೆಳುವಾಗಲ್ವಾ? ಫ್ರಿಜ್ ಗ್ಯಾಸ್ 134ಎ ವಿಚಾರಕ್ಕೆ ಹುಡುಗನ ಜೊತೆ ಜಗಳ

ಫ್ರಿಜ್ ರಿಪೇರಿ, ದಾವಣಗೆರೆ:
ಹದಿನಾರು ವರ್ಷದಿಂದ ಇದೇ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ, ಉಳಿದಿದ್ದೆಲ್ಲ ಅಂಗಡೀಲೇ ಕಲಿತಿದ್ದು. ನನ್ನ ಹತ್ರ ಕೆಲಸಕ್ಕೆ ಬರೋ ಹುಡುಗ ಡಿಪ್ಲೊಮಾ ಓದ್ತಾನೆ. ಮೊನ್ನೆ ಒಂದು ಸೋಡಾ ಅಂಗಡಿ ಡೀಪ್ ಫ್ರೀಜರ್ ನೋಡೋಕೆ ಹೋಗಿದ್ವಿ. ಬೆಳಿಗ್ಗೆ ಚೆನ್ನಾಗಿ ಓಡುತ್ತೆ, ಮಧ್ಯಾಹ್ನ ಎರಡು ಗಂಟೆ ಆದ್ರೆ ಹೊರಗೆ ತೆಗೆದ ಬಾಟ್ಲಿ ಬೆವರೋದೂ ಇಲ್ಲ. ಕಂಪ್ರೆಸರಿಂದ ಬಿಸಿ ಗ್ಯಾಸ್ ಹೊರಬರೋ ಡಿಸ್ಚಾರ್ಜ್ ಪೈಪ್ ಮುಟ್ಟಿದೆ, ಬೆರಳು ಚುರ್ ಅಂತು. ಬಿಸಿಗೆ ಗ್ಯಾಸ್ ತೆಳುವಾಗಿಬಿಟ್ಟಿದೆ, ಕಂಪ್ರೆಸರ್ ಹಿಡಿತಕ್ಕೆ ಸಿಗ್ತಿಲ್ಲ ಅಂದೆ. ಅವನು, "ಇಲ್ಲಣ್ಣ, ಬಿಸಿಯಾದ್ರೆ ಗ್ಯಾಸಿನ ವಿಸ್ಕಾಸಿಟಿ, ಅಂದ್ರೆ ಹರಿಯೋಕೆ ಇರೋ ಒಳತಡೆ, ಜಾಸ್ತಿ ಆಗುತ್ತೆ, ಗಟ್ಟಿಯಾಗಿ ಕ್ಯಾಪಿಲರಿ ಅನ್ನೋ ಸಣ್ಣ ಕೊಳವೇಲಿ ಸಿಕ್ಕಾಕ್ಕೊಂಡಿದೆ" ಅಂತಾನೆ. ಆಯಿಲ್ ತೆಳುವಾಗುತ್ತೆ, ಬೆಲ್ಲದ ಪಾಕ ತೆಳುವಾಗುತ್ತೆ, ಗ್ಯಾಸ್ ಒಂದಕ್ಕೆ ಬೇರೆ ಕಾನೂನಾ? ಒಂದು ಪ್ಲೇಟ್ ಮಂಡಕ್ಕಿ-ಮೆಣಸಿನಕಾಯಿ ಪಂಥ ಕಟ್ಟಿದೀನಿ.

ನಿವೃತ್ತ ಫಿಸಿಕ್ಸ್ ಮೇಷ್ಟ್ರು:
ಅರ್ಧ ಪ್ಲೇಟ್ ಹುಡುಗನಿಗೆ ಕೊಡಿ. ಆಯಿಲ್‌ನಲ್ಲಿ ಅಣುಗಳು ತುಂಬಿದ ಬಸ್ಸಿನ ಜನರ ಹಾಗೆ, ಒಬ್ಬರಿಗೊಬ್ಬರು ಅಂಟಿಕೊಂಡಿರುತ್ತವೆ. ಬಿಸಿ ಆ ಹಿಡಿತ ಸಡಿಲಿಸುತ್ತೆ, ಹಾಗಾಗಿ ತೆಳು. ಗ್ಯಾಸಿನಲ್ಲಿ ಹಿಡಿತವೇ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನಡೆಯೋದು ಬೇರೆ. ಜಾತ್ರೇಲಿ ಅಕ್ಕಪಕ್ಕ ಎರಡು ಸಾಲು, ಒಂದು ಬೇಗ ಸಾಗ್ತಿದೆ, ಇನ್ನೊಂದು ನಿಧಾನ. ನಿಧಾನದವರು ಆ ಕಡೆ ನುಗ್ಗಿದರೆ ಬೇಗದ ಸಾಲಿಗೆ ತಡೆ, ಅವರು ಈ ಕಡೆ ಬಂದರೆ ಇದಕ್ಕೆ ತಳ್ಳು. ಗ್ಯಾಸ್ ಬಿಸಿಯಾದಷ್ಟೂ ಈ ನುಗ್ಗಾಟ ಜೋರು. ವಿಸ್ಕಾಸಿಟಿ ಅಂದ್ರೆ ಅದೇ.

ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1866ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನ ಅಳೆದಿದ್ದು ಲಂಡನ್ನಿನ ಮನೇಲಿ, ಹೆಂಡತಿ ಕ್ಯಾಥರೀನ್ ಜೊತೆ. ಬೇಸಿಗೇಲೂ ಬೆಂಕಿ ಹಾಕಿ, ಕೆಟಲ್ ಕಾಯಿಸಿ, ಕೋಣೆ ಬಿಸಿ ಇಟ್ಟಿದ್ದರಂತೆ. ಆ ತಾಯಿಯ ತಾಳ್ಮೆಗೆ ಒಂದು ನಮಸ್ಕಾರ.

ನಿಮ್ಮ 134ಎ ಆವಿಗೆ ವಾತಾವರಣದ ಒತ್ತಡದಲ್ಲಿ, 25 ಡಿಗ್ರಿಯಲ್ಲಿ ವಿಸ್ಕಾಸಿಟಿ ಸುಮಾರು 12 ಮೈಕ್ರೋಪ್ಯಾಸ್ಕಲ್-ಸೆಕೆಂಡ್ (ಅದನ್ನ ಅಳೆಯೋ ಮಾನ). 100 ಡಿಗ್ರಿಯಲ್ಲಿ ಹದಿನಾಲ್ಕೂವರೆಯ ಆಸುಪಾಸು. ಕಾಲು ಭಾಗದಷ್ಟು ಏರಿಕೆ. ತಮಾಷೆ ಏನಂದ್ರೆ, ಗಾಳಿಗಿಂತ ಮೂರೂವರೆ ಪಟ್ಟು ಭಾರದ ಅಣು, ಆದರೂ ಅದೇ 25 ಡಿಗ್ರಿಯ ಗಾಳಿಗೆ 18ರ ಮೇಲಿದೆ. ಭಾರ ಬೇರೆ, ವಿಸ್ಕಾಸಿಟಿ ಬೇರೆ.

ಎಸಿ ಟೆಕ್ನಿಷಿಯನ್, ಬಳ್ಳಾರಿ:
ಮೇಷ್ಟ್ರೇ, ಮಿಕ್ಕರ್ಧ ಪ್ಲೇಟ್ ಅಣ್ಣನಿಗೇ ಉಳೀಲಿ. ಕ್ಯಾಪಿಲರಿಗೆ ಹೋಗೋದು ಗ್ಯಾಸಲ್ಲ, ಬಿಸಿಯನ್ನ ಹೊರಗೆ ಬಿಡೋ ಕಂಡೆನ್ಸರಲ್ಲಿ ತಣಿದು ದ್ರವವಾದ ಲಿಕ್ವಿಡ್ಡು. ಅದು ಬಿಸಿಯಾದ್ರೆ ನಿಮ್ಮ ಆಯಿಲ್ ಹಾಗೆ ತೆಳುವೇ ಆಗುತ್ತೆ. ಮೇಲಿಂದ ಪ್ರೆಶರೂ ಜಾಸ್ತಿ. ಹಾಗಾಗಿ ಬಿಸಿಲಲ್ಲಿ ಕ್ಯಾಪಿಲರಿ ಸಿಕ್ಕಾಕ್ಕೊಳ್ಳಲ್ಲ, ಉಲ್ಟಾ ಜಾಸ್ತಿ ಬಿಡುತ್ತೆ. ಪೈಪಲ್ಲಿ ಆವಿ ಸುಳಿ ಸುತ್ಕೊಂಡು ಹರಿಯೋದ್ರಿಂದ ಕಾಲು ಭಾಗ ವಿಸ್ಕಾಸಿಟಿ ಏರಿದ್ರೂ ಘರ್ಷಣೆ ಏರೋದು ನೂರಕ್ಕೆ ಐದಾರು. ಅದನ್ನ ಮರೆತುಬಿಡಿ. ಕಂಡೆನ್ಸರ್ ನೋಡಿದ್ರಾ? 134ಎ 40 ಡಿಗ್ರಿಗೆ ಲಿಕ್ವಿಡ್ ಆದ್ರೆ ಗೇಜಲ್ಲಿ ಪ್ರೆಶರ್ ಸುಮಾರು 133 ಪಿಎಸ್‌ಐ ತೋರಿಸ್ಬೇಕು, 55ಕ್ಕೆ 200. ಎಷ್ಟಿತ್ತು?

ಫ್ರಿಜ್ ರಿಪೇರಿ, ದಾವಣಗೆರೆ:
210 ಇತ್ತು! ಇವತ್ತು ಫ್ರೀಜರ್ ಈಚೆ ಎಳೆದ್ವಿ. ಹಿಂದೆ ಎರಡು ಸಕ್ಕರೆ ಚೀಲ ಒತ್ತಿ ಇಟ್ಟಿದ್ರು, ಕಂಡೆನ್ಸರಿನ ಫಿನ್ (ತಗಡಿನ ಪಟ್ಟಿ) ತುಂಬ ಧೂಳು ಜಿಡ್ಡು ಸೇರಿ ಕಂಬಳಿ ಹೊದಿಸಿದ ಹಾಗಿತ್ತು. ಬ್ರಷ್ ಹಾಕಿ ಬ್ಲೋವರ್ ಹೊಡೆದ ಮೇಲೆ, ಅದೇ ಎರಡು ಗಂಟೆ ಬಿಸಿಲಲ್ಲಿ 165ಕ್ಕೆ ಇಳೀತು. ಗ್ಯಾಸ್ ಮುಟ್ಟಲಿಲ್ಲ. ಹುಡುಗ ಅರ್ಧ ಪ್ಲೇಟ್ ಒಪ್ತಿಲ್ಲ, ಪೂರ್ತಿ ಬೇಕಂತೆ, ಮೇಲೊಂದು ಟೀ.