ಸಹಾಯ ಬೇಕು: ಅಮ್ಮನ ಕಣ್ಣಿನ ನರದ ಹತ್ತಿರ ಗಡ್ಡೆ, ಮೂಗಿನ ಮೂಲಕವಾ, ತಲೆ ತೆರೆದಾ?

ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಅಮ್ಮನಿಗೆ 58 ವರ್ಷ. ಈ ಸಲ ಕಾಫಿ ಕೊಯ್ಲಿನಲ್ಲಿ ಪಕ್ಕದ ರೆಂಬೆಯ ಹಣ್ಣೇ ಕಾಣದೆ ಬಿಟ್ಟು ಬರುತ್ತಿದ್ದರು. ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಸುಮ್ನೆ ಎರಡು ಸಲ ಕನ್ನಡಕ ಬದಲಾಯಿಸಿದೆವು. ಕೊನೆಗೆ ಮೈಸೂರಿನ ಕಣ್ಣಿನ ಡಾಕ್ಟರು ಫೀಲ್ಡ್ ಟೆಸ್ಟ್ (ಅಕ್ಕಪಕ್ಕ ಎಷ್ಟು ಕಾಣುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿ, ಅವತ್ತೇ ಎಂಆರ್‌ಐಗೆ ಕಳಿಸಿದರು.

ತಲೆಬುರುಡೆಯ ತಳದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತಿಕೊಂಡು 2.5 ಸೆಂಟಿಮೀಟರ್ ಗಡ್ಡೆ. ಮೆನಿಂಜಿಯೋಮಾ, ಅಂದರೆ ಮೆದುಳಿನ ಹೊದಿಕೆಯಿಂದ ಬೆಳೆಯುವ ಗಡ್ಡೆ, ಇರಬೇಕು ಅಂದರು. ಇದು ಹೆಚ್ಚಾಗಿ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಆದರೆ ನರ ಜಾಸ್ತಿ ದಿನ ಒತ್ತಡದಲ್ಲಿದ್ದರೆ ಹೋದ ದೃಷ್ಟಿ ವಾಪಸ್ ಬರುವುದು ಕಷ್ಟವಂತೆ. ಅದೇ ಭಯ.

ಒಬ್ಬ ಸರ್ಜನ್ ಮೂಗಿನ ಮೂಲಕ ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಹಾಕಿ ತೆಗೆಯೋಣ ಅಂದರು. ಮೆದುಳನ್ನು ಸರಿಸಬೇಕಿಲ್ಲ, ಆದರೆ ಆಮೇಲೆ ಮೆದುಳಿನ ಸುತ್ತಲಿನ ನೀರು ಮೂಗಿನಲ್ಲಿ ಸೋರುವ ಅಪಾಯ ಇದೆಯಂತೆ. ಇನ್ನೊಬ್ಬರು, ಗಡ್ಡೆ ನರದ ಹೊರಬದಿಗೂ ಹರಡಿದೆ, ತಲೆಬುರುಡೆ ತೆರೆಯುವುದೇ ಸರಿ ಅಂದರು. ಕೊಯ್ಯದೆ ಗಡ್ಡೆಗೆ ವಿಕಿರಣ ಕೊಡುವ ಗಾಮಾ ನೈಫ್ ಬಗ್ಗೆಯೂ ಕೇಳಿದೆ. ನರಕ್ಕೆ ಅಂಟಿಕೊಂಡಿರುವಾಗ ವಿಕಿರಣದಿಂದ ನರಕ್ಕೇ ಪೆಟ್ಟಾಗಬಹುದು ಅಂದರು.

ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದೆಯಾ? ಯಾವ ದಾರಿ, ದೃಷ್ಟಿ ಎಷ್ಟು ಬಂತು, ಎಷ್ಟು ದಿನ ಮಲಗಿದ್ದರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದವರಿದ್ದರೆ, ಆಪರೇಷನ್ ತಾರೀಖು ಸಿಗಲು ಎಷ್ಟು ಕಾಯಬೇಕಾಯಿತು? ಆಯುಷ್ಮಾನ್ ಕಾರ್ಡಿಗೆ ಯಾವ ಕಾಗದ ಒಯ್ಯಬೇಕು?

ಮಳೆ ಜೋರಾಗುವ ಮೊದಲು ಹೊರಡಬೇಕು. ಅಮ್ಮನಿಗೆ ಮಾತ್ರ ಹಸು ಕರೆಯುವವರು ಯಾರು ಅನ್ನುವುದೇ ಚಿಂತೆ! ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ.