ಎರಡು ಮನೆಗಳ ನಡುವೆ ಆಫೀಸು ಕಟ್ಟಡ: ಬದಲಾಗಬೇಕಾದದ್ದು ಯಾವುದು, ಬದಲಾಗಬಾರದ್ದು ಯಾವುದು?

ಪ್ರಶ್ನೆ

ನಮಸ್ಕಾರ. ಬೆಂಗಳೂರಿನ ಜಯನಗರದಲ್ಲಿ ನಮ್ಮ ತಂದೆಯವರ ಕಾಲದ, ಉತ್ತರಕ್ಕೆ ಮುಖವಿರುವ 60×90 ಅಡಿಯ ನಿವೇಶನವಿದೆ. ಹಳೆಯ ಮನೆಯನ್ನು ಕೆಡವಿ, ಸ್ಟಿಲ್ಟ್ ಪಾರ್ಕಿಂಗಿನ (ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ ಕೆಳಗೆ ಕಾರಿಗೆ ಬಿಡುವ ಜಾಗ) ಮೇಲೆ ಮೂರು ಮಹಡಿಯ ಆಫೀಸು ಕಟ್ಟಿಸಿ ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಪೂರ್ವಕ್ಕೆ ಸೈಜುಗಲ್ಲಿನ ತಳಪಾಯದ ಹಳೆಯ ಮನೆಯಿದೆ, ಪಶ್ಚಿಮಕ್ಕೆ ಅಪಾರ್ಟ್‌ಮೆಂಟ್. ಒಂದು ಮಹಡಿಯನ್ನು ಒಬ್ಬರೇ ಹಿಡಿಯಬಹುದು ಅಥವಾ ಇಬ್ಬರು ಹಂಚಿಕೊಳ್ಳಬಹುದು. ಮುಂದೊಂದು ದಿನ ಮಕ್ಕಳು ಅದನ್ನೇ ಫ್ಲ್ಯಾಟುಗಳನ್ನಾಗಿ ಮಾಡಿಕೊಳ್ಳಲೂಬಹುದು. ಲಿಫ್ಟು, ಮೆಟ್ಟಿಲುಗಳನ್ನು ನಟ್ಟನಡುವೆ ಇಟ್ಟು ನಾಲ್ಕೂ ಕಡೆ ಗಾಜು ಹಾಕಿದರೆ ಹೇಗೆ ಬೇಕಾದರೂ ಬದಲಾಯಿಸಿಕೊಳ್ಳಬಹುದು ಎಂಬ ಸಲಹೆ ಬಂದಿದೆ. ಸೆಟ್‌ಬ್ಯಾಕ್ (ನಿಯಮದಂತೆ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಟ್ಟ ಮೇಲೆ ಕಟ್ಟಲು ಉಳಿಯುವುದು ಸುಮಾರು 14 ಮೀಟರ್ ಅಗಲ, 20 ಮೀಟರ್ ಉದ್ದ. ಬಲ್ಲವರು ತಿಳಿಸಿಕೊಡಬೇಕು.

ಉತ್ತರ: ವಾಸ್ತುಶಿಲ್ಪಿ

ನಿಮ್ಮ ರಸ್ತೆಯ ಅಗಲಕ್ಕೆ ಅಲ್ಲಿ ಆಫೀಸಿಗೆ ಅನುಮತಿ ಸಿಗುತ್ತದೆಯೇ ಎಂಬುದನ್ನು ನಕ್ಷೆಗೆ ಹಣ ಸುರಿಯುವ ಮೊದಲೇ ಖಚಿತಪಡಿಸಿಕೊಳ್ಳಿ.

ಇನ್ನು ವಿನ್ಯಾಸದ ಮಾತು. 14 ಮೀಟರ್ ಅಗಲದಲ್ಲಿ ಲಿಫ್ಟು, ಮೆಟ್ಟಿಲು, ಶೌಚಾಲಯಗಳನ್ನು ನಡುವೆ ಕೂರಿಸಿದರೆ ಎರಡೂ ಪಕ್ಕದಲ್ಲಿ ಓಣಿಯಂಥ ಪಟ್ಟಿಗಳು ಉಳಿಯುತ್ತವೆಯೇ ಹೊರತು ಬೇಕಾದಂತೆ ಹೊಂದಿಸಿಕೊಳ್ಳುವ ಜಾಗ ಉಳಿಯುವುದಿಲ್ಲ. ಅವೆಲ್ಲವನ್ನೂ ಪಶ್ಚಿಮದ ಗೋಡೆಗೆ ಅಂಟಿಸಿ. ಇಳಿಹೊತ್ತಿನ ಬಿಸಿಲಿಗೂ ತಡೆಯಾಗುತ್ತದೆ, ಅಪಾರ್ಟ್‌ಮೆಂಟಿನ ಮಲಗುವ ಕೋಣೆಗಳಿಗೆ ಇಣುಕುವ ಕಿಟಕಿಗಳೂ ತಪ್ಪುತ್ತವೆ. ದೊಡ್ಡ ಕಿಟಕಿಗಳು ಉತ್ತರ ಮತ್ತು ದಕ್ಷಿಣಕ್ಕಿರಲಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ; ಆದ್ದರಿಂದ ಉತ್ತರದ ಕಿಟಕಿಗೂ ಸಜ್ಜೆ ಬೇಕು.

ಹಗಲಿನ ಬೆಳಕು ಕಿಟಕಿಯ ಮೇಲಂಚಿನ ಎತ್ತರದ ಎರಡರಷ್ಟು ಒಳಕ್ಕೆ ಚೆನ್ನಾಗಿ ಬರುತ್ತದೆ ಎಂಬುದು ನಾವು ಬಳಸುವ ಲೆಕ್ಕ. ಮೇಲಂಚು 3 ಮೀಟರ್ ಎತ್ತರದಲ್ಲಿದ್ದರೆ ಎರಡೂ ತುದಿಗಳಿಂದ ಆರಾರು ಮೀಟರ್ ಬೆಳಕು ಸಿಕ್ಕಿ, ನಡುವಿನ 8 ಮೀಟರ್ ಮಬ್ಬಾಗಿ ಉಳಿಯುತ್ತದೆ. ಆ ಜಾಗದಲ್ಲಿ ಪೂರ್ವದ ಕಡೆಯಿಂದ 3 ಮೀಟರಿನಷ್ಟು ಕಚ್ಚು ಕೊಟ್ಟು, ಅಂದರೆ ಗೋಡೆಯನ್ನು ಒಳಕ್ಕೆ ಸರಿಸಿ, ಚಿಕ್ಕ ಅಂಗಳ ಬಿಡಿ. ಪಕ್ಕದ ಹಳೆಯ ಮನೆಗೂ ಆಕಾಶ ಉಳಿಯುತ್ತದೆ, ಮಹಡಿಯೂ ಹಿಂದೆ ಮುಂದೆ ಎಂದು ಇಬ್ಬರಿಗೆ ತಾನಾಗಿ ಪಾಲಾಗುತ್ತದೆ. ಮುಂದೆ ಫ್ಲ್ಯಾಟು ಮಾಡುವ ಆಸೆಯಿದ್ದರೆ ಆ ಅಂಗಳದ ಪಕ್ಕದಲ್ಲಿ ಎರಡನೆಯ ನೀರಿನ ಡಕ್ಟ್ (ಪೈಪುಗಳು ಇಳಿಯುವ ಕಿರುಗಂಡಿ) ಇಂದೇ ಬಿಟ್ಟಿರಬೇಕು. ಅಡುಗೆಮನೆಯನ್ನು ಎಲ್ಲಿ ಬೇಕಾದರೂ ಇಡಬಹುದು ಎನ್ನುವವರು ಕೊಳಚೆ ಪೈಪಿನ ಇಳಿಜಾರನ್ನು ಮರೆತಿರುತ್ತಾರೆ.

ನನ್ನ ಮಟ್ಟಿಗೆ ಒಳಗಿನದೆಲ್ಲ ಬದಲಾಗಲಿ. ನೆರೆಯವರ ಕಡೆಗಿನ ಎರಡು ಗೋಡೆಗಳನ್ನು ಮಾತ್ರ ಒಮ್ಮೆ ತೀರ್ಮಾನಿಸಿ ಹಾಗೆಯೇ ಬಿಡಬೇಕು.

ಉತ್ತರ: ಸ್ಟ್ರಕ್ಚರಲ್ ಎಂಜಿನಿಯರ್

ಮೇಲಿನ ಮಾತಿಗೆ ನನ್ನ ಸಹಮತವಿದೆ. ಕಾಲಮ್‌ಗಳ ಅಂತರವನ್ನು ಕಾರಿನಿಂದ ಲೆಕ್ಕ ಹಾಕಿ. ಒಂದು ಕಾರಿಗೆ 2.5 ಮೀಟರ್ ಅಗಲವೆಂದರೆ ಮೂರಕ್ಕೆ 7.5, ಕಾಲಮ್ಮಿನ ದಪ್ಪ ಸೇರಿಸಿ ಉದ್ದದ ಕಡೆ 8.1 ಮೀಟರ್ ಇಟ್ಟರೆ ಎರಡು ಅಂಕಣಕ್ಕೆ (ಕಾಲಮ್ಮಿನಿಂದ ಕಾಲಮ್ಮಿನವರೆಗಿನ ಜಾಗ) 16.2 ಆಗುತ್ತದೆ, ಉಳಿದದ್ದನ್ನು ಹಿಂದೆ ಮುಂದೆ 1.9 ಮೀಟರಿನಂತೆ ಹೊರಚಾಚಬಹುದು. ಅದೇ 7 ಮೀಟರ್ ಇಟ್ಟರೆ ನಡುವೆ ಎರಡೇ ಕಾರು ಹಿಡಿಯುತ್ತವೆ. ಭಾರತೀಯ ಮಾನಕದಲ್ಲಿ ಮನೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ (ಸುಮಾರು 200 ಕೆಜಿ ತೂಕ) ಭಾರವಾದರೆ, ಪ್ರತ್ಯೇಕ ದಾಸ್ತಾನು ಕೋಣೆಯಿಲ್ಲದ ಆಫೀಸಿಗೆ 4. ಹೆಚ್ಚಿನದಕ್ಕೇ ವಿನ್ಯಾಸ ಮಾಡಿಸಿ.

ಪಾಯ ಅಗೆಯುವ ಮೊದಲು ಪೂರ್ವದ ಮನೆಯ ಪ್ರತಿ ಬಿರುಕಿನ ಫೋಟೋವನ್ನು ಆ ಮನೆಯವರ ಎದುರಿನಲ್ಲೇ ತೆಗೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ತಾರೀಖು ಬರೆದಿಡಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಒಡೆದ ದಿನವೇ ಅಗೆತ ನಿಲ್ಲಿಸಬೇಕು.

ಉತ್ತರ: ಇಂಥದೇ ಕಟ್ಟಡದ ಪಕ್ಕದ ನಿವಾಸಿ

ನಾನು ಕಟ್ಟುವವನಲ್ಲ, ಅನುಭವಿಸುತ್ತಿರುವವನು. ನಮ್ಮ ಪಕ್ಕದ ಆಫೀಸಿನವರು ಜನರೇಟರನ್ನು ನಮ್ಮ ಕಾಂಪೌಂಡಿಗೆ ತಾಗಿದಂತೆ ಇಟ್ಟಿದ್ದಾರೆ. ಕೇಳಿದರೆ, ಜನರೇಟರಿನ ಹೊರಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರುವುದಿಲ್ಲ, ನಿಯಮದಂತೆಯೇ ಇದೆ ಎನ್ನುತ್ತಾರೆ. ನಿಜವೇ ಇರಬಹುದು; ಆದರೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45. ದೂರ ಎರಡರಷ್ಟಾದಾಗ ಇಳಿಯುವುದು ಹೆಚ್ಚೆಂದರೆ 6 ಡೆಸಿಬಲ್. ಹಾಗಿರುವಾಗ ನಾಲ್ಕು ಮೀಟರ್ ಆಚೆಗಿನ ನಮ್ಮ ಕೋಣೆಯ ಪಾಡು ಏನೆಂದು ನೀವೇ ಲೆಕ್ಕ ಹಾಕಿ. ಬಾಡಿಗೆದಾರರು ಬದಲಾದಂತೆಲ್ಲ ಎಸಿಯ ಹೊರಘಟಕಗಳೂ ನಮ್ಮ ಕಡೆಯ ಗೋಡೆಗೆ ಒಂದೊಂದಾಗಿ ಏರುತ್ತವೆ. ಜನರೇಟರನ್ನು ರಸ್ತೆಯ ಕಡೆಗೂ, ಎಸಿ ಘಟಕಗಳನ್ನು ತಾರಸಿಗೂ ಕಳುಹಿಸುವ ಜಾಗ ಮತ್ತು ಡಕ್ಟನ್ನು ನಕ್ಷೆಯಲ್ಲೇ ತೋರಿಸಿ, ಬಾಡಿಗೆ ಕರಾರಿನಲ್ಲಿಯೂ ಬರೆಯಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಟೇಪು ಹಿಡಿದುಕೊಂಡು ಪೂರ್ವದ ಮನೆಗೆ ಹೋಗಿದ್ದೆ. ಅಲ್ಲಿನ ಅಜ್ಜಿಯವರು ಮಧ್ಯಾಹ್ನ ಮೂರರ ನಂತರ ಊಟದ ಕೋಣೆಯ ಪಶ್ಚಿಮದ ಕಿಟಕಿಯ ಬೆಳಕಿನಲ್ಲೇ ಅಕ್ಕಿ ಆರಿಸುತ್ತಾರಂತೆ. ಆ ಕಿಟಕಿ ನಮ್ಮ ಮುಂದಿನ ಗಡಿಯಿಂದ ಸುಮಾರು 13 ಮೀಟರ್ ಒಳಗಿದೆ. ಅಂಗಳದ ಕಚ್ಚು ಅದಕ್ಕೆ ಸರಿಯಾಗಿ ಎದುರು ಬರುವಂತೆ ಹೊಸ ನಕ್ಷೆ ತಯಾರಿಸಲು ಹೇಳಿದ್ದೇನೆ.